ನೂರು ಕೋಟಿ ಬಡಿತದ ಲೆಕ್ಕ

ಆನೆಯ ನಾಡಿ ನೋಡುವುದು ಕಿವಿಯ ಹಿಂದೆ. ನಿಂತ ಆನೆಯ ಎದೆಗೆ ಸ್ಟೆತಾಸ್ಕೋಪ್ ಒತ್ತಿದರೆ ದಪ್ಪ ಚರ್ಮ, ಮಾಂಸ, ಪಕ್ಕೆಲುಬುಗಳನ್ನು ದಾಟಿ ಸದ್ದು ಹೊರಗೆ ಬರುವುದು ಕಷ್ಟ. ಹಾಗಾಗಿ ವೈದ್ಯರು ಕಿವಿಯ ಹಿಂಬದಿಯಲ್ಲಿ ಉಬ್ಬಿಕೊಂಡಿರುವ ರಕ್ತನಾಳದ ಮೇಲೆ ಬೆರಳಿಡುತ್ತಾರೆ. ಒಂದು ಮಿಡಿತ. ಆಮೇಲೆ ಎರಡು ಸೆಕೆಂಡು ಏನೂ ಇಲ್ಲ. ಮತ್ತೊಂದು ಮಿಡಿತ. ನಿಮಿಷಕ್ಕೆ 28ರಿಂದ 30, ಅಷ್ಟೇ. ಬೆರಳಿಟ್ಟವರ ಎದೆ ಅದೇ ನಿಮಿಷದಲ್ಲಿ 70 ಸಲ ಬಡಿದಿರುತ್ತದೆ. ಒಳಗೊಳಗೇ ಅಂಜಿಕೆಯಿದ್ದರೆ ನೂರು ದಾಟಿರುತ್ತದೆ. ಇನ್ನೊಂದು ವಿಚಿತ್ರವೂ ಇದೆ. ಮನುಷ್ಯ ಮಲಗಿದರೆ ನಾಡಿ ಇಳಿಯುತ್ತದೆ. ಆನೆ ಮಲಗಿದರೆ ಏರುತ್ತದೆ, 35ರ ಆಸುಪಾಸಿಗೆ ಹೋಗುತ್ತದೆ. ಆನೆಗೆ ನಿಂತಿರುವುದೇ ವಿಶ್ರಾಂತಿ.

ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು, ತಮಿಳುನಾಡಿನ ಗಡಿಯೊಳಗೆ ಸ್ವಲ್ಪ ದೂರ ಹೋದರೆ ಮೋಯಾರ್ ನದಿಯ ದಡದಲ್ಲಿ ತೆಪ್ಪಕಾಡು ಸಿಗುತ್ತದೆ. ರಸ್ತೆ ಅಲ್ಲಿ ಕವಲೊಡೆಯುತ್ತದೆ: ಎಡಕ್ಕೆ ಮಸಿನಗುಡಿ, ಬಲಕ್ಕೆ ಗೂಡಲೂರು. ಏಷ್ಯಾದ ಹಳೆಯ ಆನೆ ಶಿಬಿರಗಳಲ್ಲಿ ಒಂದು ಇಲ್ಲಿಯದು. ಊಟದ ಹೊತ್ತಿಗೆ ಬೇಯಿಸಿದ ರಾಗಿ, ಅನ್ನ, ಹುರುಳಿಯನ್ನು ದೊಡ್ಡ ಮುದ್ದೆಗಳಾಗಿ ಕಟ್ಟಿ, ಬೆಲ್ಲ, ಉಪ್ಪು, ತೆಂಗಿನಕಾಯಿ ಸೇರಿಸಿ, ಮಾವುತರೂ ಕಾವಾಡಿಗಳೂ ಒಂದೊಂದನ್ನೇ ಆನೆಯ ಬಾಯೊಳಗೆ ಕೈ ಹಾಕಿ ಇಡುತ್ತಾರೆ. ಸೊಂಡಿಲು ಮೇಲೆತ್ತಿದ ಆನೆ ಆ ಕೈ ಹೊರಗೆ ಬರುವವರೆಗೆ ಬಾಯಿ ಮುಚ್ಚುವುದಿಲ್ಲ. ಆ ಕೈಯ ಹಿಂದೆ 300 ಗ್ರಾಂ ತೂಕದ ಹೃದಯವೊಂದು, ಆ ಬಾಯಿಯ ಹಿಂದೆ 15 ಕೆ.ಜಿ.ಯ ಇನ್ನೊಂದು. ಇವೆರಡರ ನಡುವೆ ನಂಬಿಕೆ ಹುಟ್ಟುವುದು ಹೇಗೆ ಎಂದು ಕೇಳುವ ಮೊದಲು ಕೆಲವು ಅಂಕಿಗಳನ್ನು ಎದುರಿಗಿಟ್ಟುಕೊಳ್ಳೋಣ.

ಮೊದಲನೆಯದು ತೂಕದ ಲೆಕ್ಕ. 60 ಕೆ.ಜಿ. ಮನುಷ್ಯನಲ್ಲಿ 300 ಗ್ರಾಂ ಹೃದಯ ಎಂದರೆ ದೇಹದ ಇನ್ನೂರನೆಯ ಒಂದು ಪಾಲು. 3,000 ಕೆ.ಜಿ. ಹೆಣ್ಣಾನೆಯಲ್ಲಿ 15 ಕೆ.ಜಿ. ಹೃದಯ, ಅದೂ ಇನ್ನೂರನೆಯ ಒಂದು ಪಾಲು. ಅಟ್ಟದ ಮೇಲೆ ಓಡಾಡುವ 20 ಗ್ರಾಂ ಇಲಿಯ ಹೃದಯ ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟಿರುತ್ತದೆ. ಮತ್ತೆ ಅದೇ ಇನ್ನೂರನೆಯ ಪಾಲು. ಚೂರುಪಾರು ಹೆಚ್ಚುಕಡಿಮೆ ಬಿಟ್ಟರೆ ಸಸ್ತನಿಗಳ ಇಡೀ ಕುಲಕ್ಕೆ ಹೃದಯವನ್ನು ಒಂದೇ ಅಳತೆಯಲ್ಲಿ ಹಂಚಲಾಗಿದೆ.

ಪಾಲು ಒಂದೇ ಆದರೂ ವೇಗದಲ್ಲಿ ಮಾತ್ರ ಅಜಗಜಾಂತರ. ಇಲಿಯ ಎದೆ ನಿಮಿಷಕ್ಕೆ 600 ಸಲ ಬಡಿಯುತ್ತದೆ. ಎಟ್ರುಸ್ಕನ್ ಸೊಂಡಿಲಿ ಎಂಬ ಎರಡು ಗ್ರಾಂ ತೂಕದ ಜೀವಿಯಿದೆ, ತೂಕದಲ್ಲಿ ಸಸ್ತನಿಗಳಲ್ಲೇ ಅತಿ ಸಣ್ಣದು. ಅದರ ಎದೆ ನಿಮಿಷಕ್ಕೆ 1,500 ಸಲದವರೆಗೂ ಬಡಿದದ್ದು ದಾಖಲಾಗಿದೆ. ಅಂದರೆ ಸೆಕೆಂಡಿಗೆ 25 ಬಡಿತ. ಆನೆಯ ಹೃದಯ ಒಮ್ಮೆ ಬಡಿದು ಮತ್ತೊಮ್ಮೆ ಬಡಿಯುವಷ್ಟರಲ್ಲಿ ಇದು 50 ಬಡಿತ ಮುಗಿಸಿರುತ್ತದೆ. ಇನ್ನೊಂದು ತುದಿಯಲ್ಲಿ ನೀಲಿ ತಿಮಿಂಗಿಲವಿದೆ. ಕೆನಡಾದ ರಾಯಲ್ ಆಂಟಾರಿಯೊ ಮ್ಯೂಸಿಯಂ ಕಾಪಿಟ್ಟಿರುವ ಅದರ ಹೃದಯದ ತೂಕ ಸುಮಾರು 180 ಕೆ.ಜಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಗೋಲ್ಡ್‌ಬೋಗನ್ ತಂಡ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ತಿಮಿಂಗಿಲವೊಂದರ ಮೈಗೆ ಉಪಕರಣ ಅಂಟಿಸಿ, ಈಜಾಡುವ ನೀಲಿ ತಿಮಿಂಗಿಲದ ಎದೆಬಡಿತವನ್ನು ಮೊದಲ ಬಾರಿಗೆ ಅಳೆದು 2019ರಲ್ಲಿ ಪ್ರಕಟಿಸಿತು. ಆಳಕ್ಕೆ ಮುಳುಗಿದಾಗ ನಿಮಿಷಕ್ಕೆ 4ರಿಂದ 8, ಕೆಲವೊಮ್ಮೆ ಬರೀ 2. ಉಸಿರಿಗಾಗಿ ಮೇಲೆ ಬಂದಾಗ 37ರವರೆಗೆ.

ಈ ವೇಗಕ್ಕೂ ಒಂದು ಕಟ್ಟಳೆಯಿದೆ. ಕ್ಯಾಲ್ಕ್ಯುಲೇಟರ್ ಕೈಗೆತ್ತಿಕೊಳ್ಳಿ. ಆನೆ ಇಲಿಗಿಂತ ಎಷ್ಟು ಪಟ್ಟು ಭಾರ? 3,000 ಕೆ.ಜಿ.ಯನ್ನು 20 ಗ್ರಾಮಿನಿಂದ ಭಾಗಿಸಿದರೆ ಒಂದೂವರೆ ಲಕ್ಷ. ವರ್ಗಮೂಲದ ಗುಂಡಿಯನ್ನು ಒಮ್ಮೆ ಒತ್ತಿ: 387. ಇನ್ನೊಮ್ಮೆ ಒತ್ತಿ: 19.7, ಅಂದರೆ ಹತ್ತಿರ ಹತ್ತಿರ 20. ಇಲಿಯ 600 ಬಡಿತವನ್ನು ಈ 20ರಿಂದ ಭಾಗಿಸಿ. ಉತ್ತರ 30. ತೆಪ್ಪಕಾಡಿನಲ್ಲಿ ಕಿವಿಯ ಹಿಂದೆ ಬೆರಳಿಟ್ಟು ಎಣಿಸಿದರೆ ಸಿಗುವುದೂ ಅದೇ ಅಂಕಿ. ಮೈ ದೊಡ್ಡದಾದ ಹಾಗೆ ಎದೆಯ ಬಡಿತ ತೂಕದ ನಾಲ್ಕನೆಯ ಮೂಲದಷ್ಟು ನಿಧಾನವಾಗುತ್ತದೆ ಎಂಬ ಈ ಸೂತ್ರ ಎಲ್ಲ ಪ್ರಾಣಿಗಳಿಗೂ ಇಷ್ಟು ಚೊಕ್ಕವಾಗಿ ಹೊಂದುವುದಿಲ್ಲ. ಆದರೆ ಎರಡು ಗ್ರಾಮಿನಿಂದ ನೂರು ಟನ್ನಿನವರೆಗೆ ದಾರಿ ತೋರಿಸುವಷ್ಟು ಗಟ್ಟಿಯಾಗಿದೆ.

ಇನ್ನು ಆಯುಷ್ಯದ ಲೆಕ್ಕ. ವರ್ಷಕ್ಕೆ 5,25,600 ನಿಮಿಷ. ಹೆಚ್ಚೆಂದರೆ ಮೂರು ವರ್ಷ ಬದುಕುವ ಇಲಿಯ ಹೃದಯ ಅಷ್ಟರಲ್ಲಿ ಬಡಿಯುವುದು ಸುಮಾರು 95 ಕೋಟಿ ಸಲ. ಅರವತ್ತು ವರ್ಷ ಬಾಳುವ ಆನೆಯ ಹೃದಯವೂ ಸುಮಾರು 95 ಕೋಟಿ ಸಲ. ಒಂದು ಅವಸರದಲ್ಲಿ ಖರ್ಚು ಮಾಡುತ್ತದೆ, ಇನ್ನೊಂದು ಎಣಿಸಿ ಎಣಿಸಿ ಕೊಡುತ್ತದೆ. ಗಂಟಿನಲ್ಲಿರುವ ದುಡ್ಡು ಮಾತ್ರ ಒಂದೇ. ಹಸು, ನಾಯಿ, ಕುದುರೆ, ಬೆಕ್ಕುಗಳ ಸರಾಸರಿ ಬಡಿತ ಮತ್ತು ಆಯುಷ್ಯವನ್ನು ಗುಣಿಸಿ ನೋಡಿದರೂ ಉತ್ತರ 50 ಕೋಟಿಯಿಂದ 120 ಕೋಟಿಯ ಒಳಗೇ ಸುತ್ತುತ್ತದೆ. ಹೃದಯ ತಜ್ಞ ಎಚ್.ಜೆ. ಲೆವಿನ್ 1997ರಲ್ಲಿ ಸಸ್ತನಿಗಳ ಈ ಲೆಕ್ಕವನ್ನು ಒಂದೆಡೆ ಇಟ್ಟು ತೋರಿಸಿದಾಗ ಎದ್ದು ಕಂಡ ಅಪವಾದ ಒಂದೇ: ಮನುಷ್ಯ. ನಿಮಿಷಕ್ಕೆ 72ರಂತೆ 75 ವರ್ಷಕ್ಕೆ ನಮ್ಮ ಬಡಿತ 280 ಕೋಟಿ ದಾಟುತ್ತದೆ. ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚಿನ ಗಂಟು ನಮ್ಮ ಕೈಯಲ್ಲಿದೆ.

ಆಕಾರದಲ್ಲೂ ವೈವಿಧ್ಯ ಕಡಿಮೆಯಿಲ್ಲ. ನೀಲಗಿರಿಯೊಂದನ್ನೇ ಮೇಲಿನಿಂದ ಕೆಳಗೆ ಇಳಿದು ನೋಡಿ. ಬ್ರಿಟಿಷರು ತಂದು ಬಿಟ್ಟ ಟ್ರೌಟ್ ಮೀನು ಊಟಿಯ ಸುತ್ತಲಿನ ತಣ್ಣನೆಯ ಹೊಳೆಗಳಲ್ಲಿದೆ; ಅದರ ಹೃದಯಕ್ಕೆ ಎರಡೇ ಕೋಣೆ. ಶೋಲಾ ಕಾಡಿನ ಕಪ್ಪೆಗೆ ಮೂರು. ಮೋಯಾರಿನ ದಡದಲ್ಲಿ ಬಿಸಿಲು ಕಾಯಿಸುವ ಮೊಸಳೆಗೆ, ಅದರ ಪಕ್ಕದಲ್ಲೇ ನೀರು ಕುಡಿಯುವ ಆನೆಗೆ, ಸೇತುವೆಯ ಮೇಲೆ ನಿಂತು ನೋಡುವ ನಮಗೆ ನಾಲ್ಕು. ಎತ್ತರದ ಮರದಲ್ಲಿ ಜೋತುಬಿದ್ದ ಹೆಜ್ಜೇನಿನ ತೊಟ್ಟಿಗೆ ಬಂದರೆ ಅಲ್ಲಿ ಇಂಥ ಕೋಣೆಗಳೇ ಇಲ್ಲ. ಜೇನುನೊಣದ ಹೃದಯ ಅದರ ಬೆನ್ನಿನುದ್ದಕ್ಕೂ ಹಾದುಹೋಗುವ ಒಂದು ಸಣ್ಣ ನಳಿಗೆ. ನಮ್ಮಂತೆ ಮೈಯೆಲ್ಲ ಹರಡಿದ ರಕ್ತನಾಳಗಳ ಜಾಲವೂ ಅದಕ್ಕಿಲ್ಲ. ನಳಿಗೆ ತನ್ನೊಳಗಿನ ದ್ರವವನ್ನು ತಲೆಯ ಕಡೆಗೆ ತಳ್ಳುತ್ತದೆ. ಅದು ಹಾಗೆಯೇ ಅಂಗಾಂಗಗಳ ನಡುವೆ ಹರಿದು ಹಿಂದಕ್ಕೆ ಬರುತ್ತದೆ.

ಇಷ್ಟು ಬೇರೆ ಬೇರೆಯಾದ ಹೃದಯಗಳಿಗೂ ಹುಟ್ಟು ಒಂದೇ ಎಂಬುದು ಗೊತ್ತಾದದ್ದು ಹಣ್ಣಿನ ನೊಣದಿಂದ. ಒಂದು ವಂಶವಾಹಿಯನ್ನು ಕಳೆದುಕೊಂಡ ನೊಣದ ಭ್ರೂಣದಲ್ಲಿ ಹೃದಯವೇ ಮೂಡುವುದಿಲ್ಲ ಎಂದು ರಾಲ್ಫ್ ಬೋಡ್ಮರ್ 1993ರಲ್ಲಿ ತೋರಿಸಿದರು. ಆ ವಂಶವಾಹಿಗೆ ‘ಟಿನ್‌ಮ್ಯಾನ್’ ಎಂದು ಹೆಸರು. ಮಕ್ಕಳ ಕತೆಯೊಂದರಲ್ಲಿ ಹೃದಯವಿಲ್ಲದ ತಗಡಿನ ಮನುಷ್ಯನೊಬ್ಬ ಬರುತ್ತಾನೆ, ಅವನ ನೆನಪಿಗೆ. ಅದರ ದಾಯಾದಿ ವಂಶವಾಹಿ ಇಲಿಯಲ್ಲಿದೆ, ಮನುಷ್ಯನಲ್ಲೂ ಇದೆ. ಮನುಷ್ಯನಲ್ಲಿ ಅದು ಕೆಟ್ಟರೆ ಮಗು ಹುಟ್ಟುವಾಗಲೇ ಹೃದಯದ ದೋಷ ಹೊತ್ತು ಬರಬಹುದೆಂದು 1998ರಲ್ಲಿ ತಿಳಿಯಿತು. ನೊಣಗಳ ವಂಶವೂ ನಮ್ಮ ವಂಶವೂ ಕವಲಾಗಿ 50 ಕೋಟಿ ವರ್ಷಗಳ ಮೇಲಾಯಿತು. ಹೃದಯ ಕಟ್ಟಲು ಅಪ್ಪಣೆ ಕೊಡುವ ಯಜಮಾನ ಮಾತ್ರ ಇಂದಿಗೂ ಅದೇ ಮನೆತನದವನು.

ಇದಿಷ್ಟೂ ಪಂಪಿನ ಸಮಾಚಾರ. ಭಯ, ದುಃಖ, ಮಮತೆಗಳು ಈ ಪಂಪಿಗೆ ಏಕೆ ತಟ್ಟಬೇಕು? ಒಂದರ ಎದೆಯ ಅಳುಕು ಇನ್ನೊಂದರ ಎದೆಗೆ ದಾಟುವುದು ಹೇಗೆ?

ಇದಕ್ಕೆ ಮೊದಲ ಸುಳಿವು ಕೊಟ್ಟದ್ದು ಎರಡು ಕಪ್ಪೆಗಳ ಹೃದಯ. 1921ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ರಾತ್ರಿ ಕನಸಿನಲ್ಲಿ ಒಂದು ಪ್ರಯೋಗ ಕಂಡು, ಎದ್ದು ಗೀಚಿಟ್ಟು ಮಲಗಿದರು. ಬೆಳಿಗ್ಗೆ ತಮ್ಮ ಬರಹ ತಮಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಮತ್ತೆ ಬಿತ್ತು. ಈ ಸಲ ಬರೆಯುವ ಗೋಜಿಗೆ ಹೋಗದೆ ನೇರ ಪ್ರಯೋಗಾಲಯಕ್ಕೆ ನಡೆದರು. ಎರಡು ಕಪ್ಪೆಗಳ ಹೃದಯಗಳನ್ನು ಬೇರೆ ಬೇರೆ ಪಾತ್ರೆಯ ಉಪ್ಪುನೀರಿನಲ್ಲಿ ಮಿಡಿಯಲು ಬಿಟ್ಟು, ಮೊದಲನೆಯದರ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆಣಕಿದರು. ಅದರ ಬಡಿತ ನಿಧಾನವಾಯಿತು. ಆ ಪಾತ್ರೆಯ ನೀರನ್ನು ಎರಡನೆಯ ಹೃದಯಕ್ಕೆ ಹಾಕಿದರು. ಯಾರೂ ಮುಟ್ಟದ ಆ ಹೃದಯವೂ ನಿಧಾನವಾಯಿತು. ನರಗಳು ಮಾತಾಡುವುದು ರಾಸಾಯನಿಕದ ಮೂಲಕ ಎಂದು ಹಾಗೆ ಸಾಬೀತಾಯಿತು. ಆ ರಾಸಾಯನಿಕ ಅಸಿಟೈಲ್‌ಕೋಲಿನ್. 1936ರ ನೊಬೆಲ್ ಪ್ರಶಸ್ತಿ ಲೋವಿ ಮತ್ತು ಹೆನ್ರಿ ಡೇಲ್ ಅವರಿಗೆ ಬಂತು. ಕಪ್ಪೆ, ಜಿಂಕೆ, ಮನುಷ್ಯ, ಎಲ್ಲರ ಎದೆಗೂ ಬ್ರೇಕ್ ಹಾಕುವುದು ಈ ನರ, ಈ ರಾಸಾಯನಿಕ. ವೇಗ ಹೆಚ್ಚಿಸುವುದು ಅಡ್ರಿನಲಿನ್ ಬಳಗ. ಮಿದುಳು ಭಯ ಕಂಡರೂ ಮಮತೆ ಕಂಡರೂ ಹಿಡಿಯುವುದು ಈ ಎರಡು ಹಗ್ಗಗಳನ್ನೇ.

ಒಂದು ಎದೆಯಲ್ಲಿ ಇವು ಅಲುಗಿದರೆ ಪಕ್ಕದ ಎದೆಗೆ ಗೊತ್ತಾಗುತ್ತದೆಯೇ? ಊಟಿಯ ಕೆರೆಯ ಬಳಿ ಕುದುರೆ ಸವಾರಿ ಮಾಡಿದವರೆಲ್ಲ ಈ ಪ್ರಯೋಗವನ್ನು ಗಮನಿಸಬೇಕು. ಸ್ವೀಡನ್ನಿನ ಲಿಂಡಾ ಕೀಲಿಂಗ್ ಮತ್ತು ಸಂಗಡಿಗರು ಜನರನ್ನು ಕುದುರೆಯೊಡನೆ 30 ಮೀಟರಿನ ದಾರಿಯಲ್ಲಿ ನಾಲ್ಕು ಸಲ ಕಳಿಸಿದರು. ಕೆಲವರು ಲಗಾಮು ಹಿಡಿದು ನಡೆದರು, ಕೆಲವರು ಏರಿ ಕೂತರು. ನಾಲ್ಕನೆಯ ಸಲ ಹೊರಡುವ ಮುನ್ನ ಅವರಿಗಷ್ಟೇ ಒಂದು ಮಾತು ಹೇಳಿದರು: ಈ ಬಾರಿ ಪಕ್ಕದಲ್ಲಿ ನಿಂತವರು ಥಟ್ಟನೆ ಕೊಡೆ ಬಿಚ್ಚುತ್ತಾರೆ. ಕುದುರೆ ಬೆದರೀತು ಎಂದು ಜನರ ಎದೆ ಹೊಡೆದುಕೊಳ್ಳತೊಡಗಿತು. ಕುದುರೆಯ ಎದೆಬಡಿತವೂ ಏರಿತು. ಕೊಡೆಯನ್ನು ಯಾರೂ ಬಿಚ್ಚಲೇ ಇಲ್ಲ. ಕುದುರೆಗೆ ಕೊಡೆಯ ಸುದ್ದಿ ಗೊತ್ತಿರಲಿಲ್ಲ. ತನ್ನ ಜೊತೆಗಿದ್ದವರ ಮೈಯಲ್ಲಿ ಹುಟ್ಟಿದ ಬಿಗುವು ಗೊತ್ತಾಗಿತ್ತು. 2009ರಲ್ಲಿ ಇದು ಪ್ರಕಟವಾಯಿತು. ಮನುಷ್ಯನ ಕೈ ಕುದುರೆಯನ್ನು ತಣಿಸಲೂ ಬಲ್ಲದು. ಕುದುರೆಗಳು ಒಂದರ ಕತ್ತಿನ ಬುಡವನ್ನು ಇನ್ನೊಂದು ಹಲ್ಲಿನಿಂದ ಕೆರೆಯುವ ಜಾಗವಿದೆಯಲ್ಲ, ಅಲ್ಲೇ ತುರಿಸಿದರೆ ಎದೆಬಡಿತ ಇಳಿಯುತ್ತದೆ ಎಂದು 1993ರಲ್ಲೇ ಅಳೆದು ನೋಡಿದ್ದಾರೆ.

ನಾಯಿಯ ವಿಷಯದಲ್ಲಿ ಒಡನಾಟದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು ಯಜಮಾನರಿಗೆ ಬಾಯಿಲೆಕ್ಕದಂಥ ಒತ್ತಡದ ಕೆಲಸ ಕೊಟ್ಟು, ಎದುರಿಗಿದ್ದ ನಾಯಿಯ ಹೃದಯದ ಏರಿಳಿತವನ್ನು ಹತ್ತು ಹತ್ತು ಸೆಕೆಂಡಿನಂತೆ ತಾಳೆ ನೋಡಿದರು. ಜೊತೆಗೆ ಬಾಳಿದ ಕಾಲ ಹೆಚ್ಚಾದಷ್ಟೂ ಎರಡು ಎದೆಗಳ ತಾಳ ಹೆಚ್ಚು ಹೊಂದಿತ್ತು ಎಂದು 2019ರಲ್ಲಿ ವರದಿ ಮಾಡಿದರು. ಆಸ್ಟ್ರಿಯಾದಲ್ಲಿ ಬೂದು ಹೆಬ್ಬಾತುಗಳ ಮೈಯೊಳಗೆ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ನೋಡಿದಾಗ, ದೂರದಲ್ಲಿ ಜಗಳ ನಡೆದರೆ ಸುಮ್ಮನೆ ನಿಂತು ನೋಡುವ ಹಕ್ಕಿಯ ಎದೆಯೂ ಬಡಿತ ಏರಿಸುತ್ತಿತ್ತು. ಆ ಜಗಳದಲ್ಲಿ ತನ್ನ ಜೋಡಿಯೋ ಬಂಧುವೋ ಇದ್ದರೆ ಏರಿಕೆ ಇನ್ನೂ ಹೆಚ್ಚು. ಇಸ್ರೇಲಿನ ರೂತ್ ಫೆಲ್ಡ್‌ಮನ್ 2011ರಲ್ಲಿ ಮೂರು ತಿಂಗಳ ಹಸುಗೂಸುಗಳನ್ನೂ ತಾಯಂದಿರನ್ನೂ ಎದುರುಬದುರು ಕೂರಿಸಿ ಅಳೆದರು. ಕಣ್ಣಿಗೆ ಕಣ್ಣು, ದನಿಗೆ ದನಿ ಕೂಡಿದ ಗಳಿಗೆಗಳಲ್ಲಿ ಎರಡು ಹೃದಯಗಳ ಲಯ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಒಂದನ್ನೊಂದು ಹಿಂಬಾಲಿಸುತ್ತಿತ್ತು.

ನಮ್ಮ ಕಡೆ ಕೊಂಡ ಹಾಯುವುದನ್ನು ನೋಡಿದವರಿಗೆ ಇನ್ನೊಂದು ಉದಾಹರಣೆ ಬೇಗ ಅರ್ಥವಾದೀತು. ಕನ್ನಡಕ್ಕೆ ಹತ್ತಿರದ ನುಡಿಯಾಡುವ ನೀಲಗಿರಿಯ ಬಡಗರೂ ಕೋತಗಿರಿ ಕಡೆಯ ಜಕ್ಕನೇರಿಯ ಜಡೆಸ್ವಾಮಿಯ ಹಬ್ಬದಲ್ಲಿ ಕೆಂಡ ತುಳಿಯುತ್ತಾರೆ. ಸ್ಪೇನಿನ ಸಾನ್ ಪೆಡ್ರೊ ಮಾನ್ರಿಕೆ ಎಂಬ ಹಳ್ಳಿಯಲ್ಲೂ ಜೂನ್ ತಿಂಗಳ ನಡುರಾತ್ರಿ ಇಂಥದೇ ಹಬ್ಬ. ಅಲ್ಲಿ ಕೆಂಡದ ಮೇಲೆ ನಡೆಯುವವರಿಗೂ ಸುತ್ತ ಕೂತವರಿಗೂ ಹೃದಯ ಮಾಪಕ ಕಟ್ಟಿದ ಸಂಶೋಧಕರು 2011ರಲ್ಲಿ ಫಲಿತಾಂಶ ಕೊಟ್ಟರು. ನಡೆಯುವವರ ಎದೆಯ ಏರಿಳಿತವೂ ಸುಮ್ಮನೆ ಕೂತು ನೋಡುತ್ತಿದ್ದ ಅವರ ಬಂಧುಮಿತ್ರರ ಎದೆಯ ಏರಿಳಿತವೂ ಹೊಂದಿಕೊಂಡಿದ್ದವು. ಊರಿಗೆ ಬಂದ ಅಪರಿಚಿತರ ಎದೆಗಳು ಅದೇ ಕೆಂಡವನ್ನು ನೋಡುತ್ತಿದ್ದರೂ ತಮ್ಮ ಪಾಡಿಗೆ ತಾವು ಬಡಿಯುತ್ತಿದ್ದವು.

ಈ ಎಲ್ಲ ಅಳತೆಗಳೂ ಕೊನೆಗೆ ಹೇಳುವುದು ಇಷ್ಟು: ಯಂತ್ರ ಎಲ್ಲರಲ್ಲೂ ಒಂದೇ ಬಗೆಯದು, ಆದರೆ ಎದೆಗೆ ಎದೆ ತಾಳ ಕೂಡಲು ಒಡನಾಟ ಬೇಕು, ಕಾಲ ಬೇಕು. ತೆಪ್ಪಕಾಡಿನಲ್ಲಿ ಕೂಡಿಬರುವುದು ಇವೇ. ತಾಯಿ ವಿದ್ಯುತ್ ತಗುಲಿ ಸತ್ತ ಮೇಲೆ ಅನಾಥವಾದ ಆನೆಮರಿ ರಘುವನ್ನು ಕಾಟ್ಟುನಾಯಕ ಸಮುದಾಯದ ಬೊಮ್ಮನ್ ಮತ್ತು ಬೆಳ್ಳಿ ಸಾಕಿದ ಕತೆ ಜಗತ್ತಿಗೆಲ್ಲ ಗೊತ್ತಾಯಿತು. ಊಟಿಯಲ್ಲಿ ಬೆಳೆದ ಕಾರ್ತಿಕಿ ಗೊನ್ಸಾಲ್ವೆಸ್ ತೆಗೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರಕ್ಕೆ 2023ರ ಮಾರ್ಚಿನಲ್ಲಿ ಆಸ್ಕರ್ ಬಂತು. 41 ನಿಮಿಷದ ಆ ಚಿತ್ರದಲ್ಲಿ ಬಾಟಲಿಯ ಹಾಲು, ಮೀಯಿಸುವುದು, ಪಕ್ಕದಲ್ಲಿ ಮಲಗುವುದು, ಗದರುವುದು, ಮುದ್ದು ಮಾಡುವುದು ಬಿಟ್ಟರೆ ಹೆಚ್ಚೇನೂ ನಡೆಯುವುದಿಲ್ಲ. ಒಡನಾಟವೆಂದರೆ ಅಷ್ಟೇ ತಾನೇ! ಆನೆಗಳು ತಮ್ಮವರನ್ನು ಸಂತೈಸುತ್ತವೆ ಎಂಬುದಕ್ಕೂ ಪುರಾವೆಯಿದೆ. ಥಾಯ್ಲೆಂಡಿನಲ್ಲಿ 26 ಆನೆಗಳನ್ನು ಗಮನಿಸಿ ಜೋಶುವಾ ಪ್ಲಾಟ್ನಿಕ್ ಮತ್ತು ಫ್ರಾನ್ಸ್ ಡಿ ವಾಲ್ 2014ರಲ್ಲಿ ಬರೆದರು: ಒಂದು ಬೆದರಿದರೆ ಇನ್ನೊಂದು ಹತ್ತಿರ ಬಂದು ಸೊಂಡಿಲಿನಿಂದ ಅದರ ಬಾಯನ್ನೂ ಮೈಯನ್ನೂ ಮುಟ್ಟುತ್ತದೆ, ಮೆಲ್ಲಗೆ ದನಿ ಮಾಡುತ್ತದೆ.

ಒಡನಾಟಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮಸಿನಗುಡಿ ಕಂಡಿದೆ. 2021ರ ಜನವರಿಯಲ್ಲಿ, ಬೆನ್ನಿನ ಗಾಯದಿಂದ ಮೊದಲೇ ನರಳುತ್ತಿದ್ದ ಸುಮಾರು 40 ವರ್ಷದ ಕಾಡಾನೆಯೊಂದು ಜನವಸತಿಯ ಹತ್ತಿರ ಬಂದಾಗ ಉರಿಯುವ ಟೈರನ್ನು ಅದರ ಮೇಲೆಸೆದರು. ಟೈರು ಕಿವಿಗೆ ಸಿಕ್ಕಿಕೊಂಡು ಉರಿಯಿತು. ಹೊತ್ತಿ ಉರಿಯುವ ತಲೆಯೊಡನೆ ಆನೆ ಕತ್ತಲಲ್ಲಿ ಓಡುವ ವಿಡಿಯೊ ದೇಶವೆಲ್ಲ ಹರಿದಾಡಿತು. ಜನವರಿ 19ರಂದು ಚಿಕಿತ್ಸೆಗೆಂದು ತೆಪ್ಪಕಾಡಿಗೆ ಲಾರಿಯಲ್ಲಿ ಸಾಗಿಸುವಾಗ ಅದು ಸತ್ತಿತು. ಅದನ್ನು ನೋಡಿಕೊಂಡಿದ್ದ ಅರಣ್ಯ ಸಿಬ್ಬಂದಿಯೊಬ್ಬರು ಲಾರಿಯಲ್ಲಿ ಮಲಗಿದ್ದ ಆನೆಯ ಸೊಂಡಿಲು ಸವರುತ್ತ ಬಿಕ್ಕಿ ಬಿಕ್ಕಿ ಅತ್ತದ್ದನ್ನೂ ದೇಶವೆಲ್ಲ ನೋಡಿತು. ಟೈರು ಎಸೆದವರ ಎದೆಯೂ 300 ಗ್ರಾಮಿನದೇ, ಅತ್ತವರ ಎದೆಯೂ 300 ಗ್ರಾಮಿನದೇ.

ನಮ್ಮಂಥ ಪ್ರವಾಸಿಗರು ಟೈರು ಎಸೆಯುವುದಿಲ್ಲ ನಿಜ. ನಾವು ಮಾಡುವುದು ಬೇರೆ. ಆನೆ ರಸ್ತೆಯ ಪಕ್ಕ ಸೊಪ್ಪು ತಿನ್ನುತ್ತ ನಿಂತಿದ್ದರೆ ಕಾರು ನಿಲ್ಲಿಸಿ, ಗಾಜು ಇಳಿಸಿ, ಮೊಬೈಲ್ ಚಾಚುತ್ತೇವೆ. ‘ಪಾಪ, ಸುಮ್ಮನೆ ನಿಂತಿದೆ, ಏನೂ ಮಾಡುವುದಿಲ್ಲ’ ಎನ್ನುತ್ತೇವೆ. ಸುಮ್ಮನೆ ನಿಂತ ಪ್ರಾಣಿಯ ಎದೆ ಸುಮ್ಮನಿರುತ್ತದೆಯೇ? ಅಮೆರಿಕದ ಮಿನೆಸೋಟದಲ್ಲಿ ಕಪ್ಪು ಕರಡಿಗಳ ಮೈಯೊಳಗೆ ಹೃದಯದ ದಾಖಲೆಯಂತ್ರ ಇಟ್ಟು, ತಲೆಯ ಮೇಲೆ ಡ್ರೋನ್ ಹಾರಿಸಿ ನೋಡಿದರು. ಕರಡಿಗಳು ಹೆಚ್ಚಾಗಿ ಇದ್ದಲ್ಲೇ ಇದ್ದವು, ಓಡಲಿಲ್ಲ. ಆದರೆ ಎದೆಬಡಿತ ಮಾತ್ರ ಏರಿತ್ತು. ಒಂದರದಂತೂ ಮೊದಲಿದ್ದುದಕ್ಕಿಂತ ನಿಮಿಷಕ್ಕೆ 123ರಷ್ಟು ಹೆಚ್ಚು! 2015ರ ಅಧ್ಯಯನವದು. ಇದಕ್ಕೆ ತೀರ ವಿರುದ್ಧವಾದದ್ದೂ ಉಂಟು. ಹುಲ್ಲಿನಲ್ಲಿ ಅಡಗಿ ಮಲಗಿದ ಎಳೆಯ ಜಿಂಕೆಮರಿಗೆ ಅಪಾಯದ ಸುಳಿವು ಸಿಕ್ಕರೆ ಎದೆಬಡಿತ ಏರುವ ಬದಲು ಇಳಿದುಬಿಡುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆಮರಿಗಳಲ್ಲಿ ಇದನ್ನು ಅಳೆದಿದ್ದಾರೆ. ಏರಿದರೂ ಇಳಿದರೂ ಹೊರಗಿನಿಂದ ನೋಡುವವರಿಗೆ ಕಾಣುವುದು ಅಲುಗಾಡದ ಪ್ರಾಣಿಯೊಂದೇ.

ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆ ಒಂಬತ್ತು ಗಂಟೆ ಕಾಡಿನ ಪ್ರಾಣಿಗಳಿಗೆ ಸೇರಿದ್ದು. ಉಳಿದ ಹದಿನೈದು ಗಂಟೆಯ ಜವಾಬ್ದಾರಿ ನಮ್ಮದು. ಮುಂದಿನ ಸಲ ಗುಂಡ್ಲುಪೇಟೆಯಿಂದ ತೆಪ್ಪಕಾಡಿಗೆ ಹೊರಟಾಗ, ಅಲ್ಲಿಂದ ಮಸಿನಗುಡಿಯ ಮೇಲೆ 36 ಹೇರ್‌ಪಿನ್ ತಿರುವಿನ ಕಲ್ಹಟ್ಟಿ ಘಾಟಿ ಹತ್ತುವಾಗ, ಆನೆ ಕಂಡರೆ ನಿಲ್ಲಿಸಬೇಡಿ, ಹಾರ್ನ್ ಹೊಡೆಯಬೇಡಿ, ಬಾಳೆಹಣ್ಣು ಎಸೆಯಬೇಡಿ. ನೋಡಿ, ಖುಷಿಪಡಿ, ಮುಂದೆ ಹೋಗಿ. ಅದರ ಪಾಲಿಗೆ ಇರುವುದು 95 ಕೋಟಿ ಬಡಿತ. ನಮಗೆ ಅದರ ಮೂರರಷ್ಟಿದೆ. ನಮ್ಮ ಒಂದು ಫೋಟೊಗಾಗಿ ಅದರ ಗಂಟನ್ನು ನಾವು ಖರ್ಚು ಮಾಡಿಸುವುದು ಬೇಡ.